‘ಓಕೆ’ ಎಂಬ ಮಾತಿನ ಹುಟ್ಟು

ಇಂದು ಅಕ್ಷರವರಿಯದವರ ಬಾಯಲ್ಲಿಯೂ ಸಲೀಸಾಗಿ ಹೊರಳುವ ‘ಓಕೆ’ ಎಂಬ ಮಾತು ಮೊದಲಿಗೆ ಅಮೆರಿಕೆಯ ಬೀದಿಮಾತು. ಇಷ್ಟು ದೊಡ್ಡ ಹೆಸರು ಪಡೆದ ಮಾತಿಗೆ ಅಲ್ಪವಾದ ಹುಟ್ಟನ್ನು ಹೇಳಲು ಜನಕ್ಕೆ ಮನಸ್ಸು ಬಾರದು. ಆದುದರಿಂದ ಒಬ್ಬೊಬ್ಬರು ಒಂದೊಂದು ವಂಶಾವಳಿಯನ್ನು ಕಟ್ಟಿದರು. ಅಧ್ಯಕ್ಷರಾಗಿದ್ದ ಆಂಡ್ರೂ ಜ್ಯಾಕ್ಸನ್ನರು ಕಾಗುಣಿತ ಬಾರದೆ ಕಾಗದಪತ್ರಗಳ ಮೇಲೆ ಹೀಗೆ ಬರೆಯುತ್ತಿದ್ದರೆಂದು ಕೆಲವರು. ‘ಅದು ಹಾಗೆಯೇ’ ಎಂಬ ಅರ್ಥದಲ್ಲಿ ಚಾಕ್ಟಾ ಎಂಬ ಮೂಲನಿವಾಸಿಗಳು ಆಡುವ ನುಡಿಯಿಂದ ಬಂದಿತೆಂದು ಮತ್ತೆ ಕೆಲವರು. ವುಡ್ರೋ ವಿಲ್ಸನ್ನರು ಈ ಎರಡನೆಯ ಮತವನ್ನೇ ನಂಬಿ, ತಮಗೆ ಒಪ್ಪಿಗೆಯಾದ ಕಾಗದಗಳ ಮೇಲೆ ಚಾಕ್ಟಾ ರೂಪದ ಕಾಗುಣಿತದಿಂದಲೇ ಬರೆಯುತ್ತಿದ್ದರು.

ಅಲೆನ್ ವಾಕರ್ ರೀಡ್ ಎಂಬ ವಿದ್ವಾಂಸರು ಕಥೆಗಳನ್ನು ಬಿಟ್ಟು ಹಳೆಯ ವೃತ್ತಪತ್ರಿಕೆಗಳ ಕಡತಗಳನ್ನು ತೆರೆದರು. 1840ರಲ್ಲಿ ಮಾರ್ಟಿನ್ ವ್ಯಾನ್ ಬ್ಯೂರನ್ನರು ಎರಡನೆಯ ಸಲ ಅಧ್ಯಕ್ಷಪದವಿಗೆ ನಿಂತಿದ್ದರು. ಅವರ ಹುಟ್ಟೂರು ಕಿಂಡರ್‌ಹುಕ್. ಅಭಿಮಾನಿಗಳು ಅವರನ್ನು ‘ಓಲ್ಡ್ ಕಿಂಡರ್‌ಹುಕ್’ ಎಂದು ಕರೆದು, ನ್ಯೂಯಾರ್ಕಿನಲ್ಲಿ ‘ಓ. ಕೆ. ಕ್ಲಬ್’ ಒಂದನ್ನು ಸ್ಥಾಪಿಸಿದ್ದರು. ಮಾತಿನ ಮೂಲ ಇದೇ ಎಂದು ರೀಡರು 1941ರಲ್ಲಿ ಪ್ರಕಟಿಸಿದರು. ಪಂಡಿತರಾದವರು ಸಾಮಾನ್ಯವಾಗಿ ಇಲ್ಲಿಗೆ ನಿಂತು, ಉಳಿದ ಆಯುಷ್ಯವನ್ನು ತಮ್ಮ ಮತದ ಸಮರ್ಥನೆಯಲ್ಲಿ ಕಳೆಯುವುದುಂಟು. ರೀಡರು ಹುಡುಕುವುದನ್ನು ಬಿಡಲಿಲ್ಲ. 1963 ಮತ್ತು 1964ರ ತಮ್ಮ ಲೇಖನಗಳಲ್ಲಿ ತಮ್ಮ ಮೊದಲಿನ ನಿರ್ಣಯವನ್ನು ತಾವೇ ತಿದ್ದಿದರು.

ಅವರಿಗೆ ದೊರೆತ ಸಾಕ್ಷಿ 1839ನೆಯ ಮಾರ್ಚ್ 23ರ ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ ಪತ್ರಿಕೆಯದು. ‘ಘಂಟೆ ಬಾರಿಸುವುದರ ವಿರೋಧಿ ಸಂಘ’ವೆಂಬ ವಿನೋದದ ಸಂಘವೊಂದನ್ನು ಕುರಿತ ನಗೆಬರಹದ ನಡುವೆ ಈ ಎರಡಕ್ಷರಗಳಿವೆ. ಆ ಕಾಲದಲ್ಲಿ ಬಾಸ್ಟನ್ನಿನ ಪತ್ರಿಕೆಗಳವರಿಗೆ ಒಂದು ಹುಚ್ಚು ಹಿಡಿದಿತ್ತು: ಮಾತುಗಳನ್ನು ಮೊದಲಕ್ಷರಗಳಿಗೆ ಇಳಿಸುವುದು, ಅದೂ ಬೇಕೆಂದೇ ತಪ್ಪು ಕಾಗುಣಿತದಿಂದ. ‘ಆಲ್ ರೈಟ್’ ಎಂಬುದು ‘ಓ. ಡಬ್ಲ್ಯು.’ ಆಯಿತು. ‘ಆಲ್ ಕರೆಕ್ಟ್’ ಎಂಬಲ್ಲಿ ‘ಎ’ ಇರಬೇಕಾದೆಡೆ ‘ಓ’, ‘ಸಿ’ ಇರಬೇಕಾದೆಡೆ ‘ಕೆ’ ಕುಳಿತವು. ಎರಡರಲ್ಲಿ ಒಂದಾದರೂ ಸರಿಯಾದ ಅಕ್ಷರವಿಲ್ಲದೆ ‘ಎಲ್ಲವೂ ಸರಿ’ ಎನ್ನುವುದೇ ಇಲ್ಲಿನ ಹಾಸ್ಯ!

ಸಂಗಡಿಗ ಮಾತುಗಳು ಬಹುತೇಕ ಸತ್ತುಹೋದವು. ಇದೊಂದು ಬದುಕಿದುದು ಮರುವರ್ಷದ ಚುನಾವಣೆಯ ಗದ್ದಲದಿಂದ. ವ್ಯಾನ್ ಬ್ಯೂರನ್ನರ ಪಕ್ಷ ಅದನ್ನು ಘೋಷಣೆಯಾಗಿ ಕೂಗಿತು. ಎದುರು ಪಕ್ಷದವರು ಅವರ ಗುರುವಾದ ಜ್ಯಾಕ್ಸನ್ನರನ್ನು ಹಳಿಯಲು ಕಾಗುಣಿತದ ಕಥೆಯನ್ನು ಹೊಸೆದರು. ವ್ಯಾನ್ ಬ್ಯೂರನ್ನರು ಸೋತರು, ಮಾತು ಉಳಿಯಿತು. ಮುಂದೆ ತಂತಿಯವರಿಗೆ ಎರಡೇ ಅಕ್ಷರಗಳ ಈ ಒಪ್ಪಿಗೆ ಬಹಳ ಅನುಕೂಲವಾಯಿತು.

ಪಶ್ಚಿಮ ಆಫ್ರಿಕೆಯಿಂದ ಗುಲಾಮರಾಗಿ ಬಂದವರ ವೊಲೋಫ್ ಮುಂತಾದ ಭಾಷೆಗಳಿಂದ ಇದು ಬಂದಿತೆಂಬ ವಾದವೂ ಇದೆ. ಆ ಜನರ ಋಣ ಅಮೆರಿಕೆಯ ನುಡಿಯ ಮೇಲಿರುವುದು ನಿಜ. ನೆಲಗಡಲೆಗೆ ಅಲ್ಲಿನ ದಕ್ಷಿಣದವರು ಹೇಳುವ ‘ಗೂಬರ್’ ಆಫ್ರಿಕೆಯದೇ. ಆದರೆ ಈ ಮಾತಿನ ವಿಷಯದಲ್ಲಿ ಬಾಸ್ಟನ್ನಿನ ಹಾಳೆಯೇ ಹೆಚ್ಚು ಬಲವಾದ ಸಾಕ್ಷಿಯೆಂದು ನನಗೆ ತೋರುತ್ತದೆ. ಏಕೆಂದರೆ ಆ ದಿನದ ಪತ್ರಿಕೆ ‘ಓ. ಕೆ.’ ಎಂದು ಅಚ್ಚುಹಾಕಿ, ಅದರ ಪಕ್ಕದಲ್ಲಿಯೇ ‘ಆಲ್ ಕರೆಕ್ಟ್’ ಎಂದು ಅರ್ಥವನ್ನೂ ಕೊಟ್ಟಿತ್ತು.