ದೇವನಹಳ್ಳಿ

ದೇವನಹಳ್ಳಿ ಕರ್ನಾಟಕದ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಒಂದು ಪಟ್ಟಣ ಹಾಗೂ ತಾಲ್ಲೂಕು ಕೇಂದ್ರ. ಬೆಂಗಳೂರಿನಿಂದ ಉತ್ತರಕ್ಕೆ ಸುಮಾರು 40 ಕಿ.ಮೀ. ದೂರದಲ್ಲಿ, ಹೈದರಾಬಾದಿಗೆ ಹೋಗುವ ಹೆದ್ದಾರಿಯ ಮೇಲಿದೆ. ಟಿಪ್ಪು ಸುಲ್ತಾನನ ಜನ್ಮಸ್ಥಳವೆಂದೂ ಚಕ್ಕೋತ ಹಣ್ಣಿನ ಊರೆಂದೂ ಹೆಸರಾಗಿದ್ದ ಈ ಪಟ್ಟಣವನ್ನು ಇಂದು ಹೊರಗಿನವರು ಬಹುತೇಕ ವಿಮಾನ ನಿಲ್ದಾಣದಿಂದಲೇ ಗುರುತಿಸುತ್ತಾರೆ.

ಭೌಗೋಳಿಕ ಲಕ್ಷಣ

ಪಟ್ಟಣವು ಮೈಸೂರು ಪ್ರಸ್ಥಭೂಮಿಯ ಕೆಂಪು ಮಣ್ಣಿನ ಬಯಲಿನಲ್ಲಿದೆ. ಉತ್ತರಕ್ಕೆ ನಂದಿಬೆಟ್ಟದ ಸಾಲು ಕಾಣುತ್ತದೆ. ಆ ಬೆಟ್ಟಗಳ ಬಳಿ ಹುಟ್ಟುವ ದಕ್ಷಿಣ ಪಿನಾಕಿನಿ ನದಿ ತಾಲ್ಲೂಕನ್ನು ಹಾಯ್ದು ಹೊಸಕೋಟೆಯ ಕಡೆಗೆ ಸಾಗುತ್ತದೆ. ಆದರೆ ನದಿ ವರ್ಷವಿಡೀ ಹರಿಯುವುದಿಲ್ಲ. ಹಿಂದಿನವರು ಈ ಕೊರತೆಯನ್ನು ಬಲ್ಲವರಾಗಿದ್ದುದರಿಂದಲೇ ಊರೂರಿಗೆ ಕೆರೆ ಕಟ್ಟಿದ್ದರು. ಕೆರೆಗಳು ಹೂಳು ತುಂಬಿದಂತೆ ಬೇಸಾಯ ಕೊಳವೆ ಬಾವಿಗಳನ್ನು ನೆಚ್ಚಿಕೊಂಡಿತು. ಅವುಗಳ ಆಳ ಅನೇಕ ಕಡೆ ಸಾವಿರ ಅಡಿಗಳನ್ನು ದಾಟಿದೆ. ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ಈ ಭಾಗದ ಕೆರೆಗಳಿಗೆ ತುಂಬಿಸುವ ಯೋಜನೆ ಜಾರಿಗೆ ಬಂದಿದೆ. ನಗರ ಬಳಸಿ ಬಿಟ್ಟ ನೀರೇ ಹಳ್ಳಿಯ ಕೆರೆಗೆ ಆಸರೆಯಾಗಿರುವುದು ವಿಚಿತ್ರವಾದರೂ ಸತ್ಯ.

ಇತಿಹಾಸ

ಊರಿನ ಮೊದಲ ಹೆಸರು ದೇವನದೊಡ್ಡಿ. ಸಮೀಪದ ಆವತಿಯಲ್ಲಿ ನೆಲೆಸಿದ ಮೊರಸು ಒಕ್ಕಲಿನ ಪಾಳೆಯಗಾರ ಮನೆತನದ ಮಲ್ಲಬೈರೇಗೌಡನು 1501ರಲ್ಲಿ ಇಲ್ಲಿ ಮಣ್ಣಿನ ಕೋಟೆ ಕಟ್ಟಿಸಿದನು. 1740ರ ದಶಕದ ಕೊನೆಯಲ್ಲಿ ದಳವಾಯಿ ನಂಜರಾಜಯ್ಯನ ನೇತೃತ್ವದಲ್ಲಿ ಮೈಸೂರಿನ ಸೇನೆ ಮುತ್ತಿಗೆ ಹಾಕಿ ಕೋಟೆಯನ್ನು ವಶಪಡಿಸಿಕೊಂಡಿತು. ಆವರೆಗೆ ಹೆಚ್ಚು ಪರಿಚಿತನಲ್ಲದ ಹೈದರ್ ಅಲಿ ತನ್ನ ಶೌರ್ಯದಿಂದ ಮೊದಲು ಗಮನ ಸೆಳೆದದ್ದು ಇದೇ ಮುತ್ತಿಗೆಯಲ್ಲಿ. ಆತನ ಮಗ ಟಿಪ್ಪು 1750ರಲ್ಲಿ ಇಲ್ಲಿ ಜನಿಸಿದನು. ಟಿಪ್ಪು ಊರಿಗೆ ಯೂಸಫಾಬಾದ್ ಎಂದು ಹೆಸರಿಟ್ಟರೂ ಅದು ಜನರ ನಾಲಗೆಯ ಮೇಲೆ ನಿಲ್ಲಲಿಲ್ಲ. ಮೂರನೆಯ ಮೈಸೂರು ಯುದ್ಧದಲ್ಲಿ, 1791ರಲ್ಲಿ, ಕೋಟೆ ಕಾರ್ನ್‌ವಾಲಿಸನ ವಶವಾಯಿತು.

ಈಗ ಕಾಣುವ ಕಲ್ಲಿನ ಕೋಟೆ ಹೈದರ್ ಮತ್ತು ಟಿಪ್ಪುವಿನ ಕಾಲದ್ದು. ಅಂಡಾಕಾರದ ಈ ಕೋಟೆಗೆ ಹನ್ನೆರಡು ಅರ್ಧವೃತ್ತಾಕಾರದ ಕೊತ್ತಲಗಳಿವೆ. ಇದು ಬರಿದಾಗಿ ಉಳಿದ ಸ್ಮಾರಕವಲ್ಲ. ಒಳಗೆ ಇಂದಿಗೂ ಜನವಸತಿಯಿದೆ. ವೇಣುಗೋಪಾಲಸ್ವಾಮಿ ದೇವಾಲಯದ ಹೊರಗೋಡೆಯ ಮೇಲೆ ರಾಮಾಯಣದ ಮತ್ತು ಕೃಷ್ಣನ ಬಾಲಲೀಲೆಯ ಶಿಲ್ಪಗಳಿವೆ. ಅವಸರದಲ್ಲಿ ನೋಡಿ ಬರುವಂಥವಲ್ಲ. ಟಿಪ್ಪು ಜನಿಸಿದ ಸ್ಥಳದಲ್ಲಿ ಸಣ್ಣದೊಂದು ಕಲ್ಲಿನ ಮಂಟಪವಿದೆ.

ಬೇಸಾಯ ಮತ್ತು ಚಕ್ಕೋತ

ರಾಗಿ, ದ್ರಾಕ್ಷಿ, ತರಕಾರಿ, ಹೂವು ಮತ್ತು ರೇಷ್ಮೆ ತಾಲ್ಲೂಕಿನ ಮುಖ್ಯ ಬೆಳೆಗಳು. ಇವೆಲ್ಲಕ್ಕಿಂತ ಹೆಸರಾದದ್ದು ದೇವನಹಳ್ಳಿ ಚಕ್ಕೋತ. ನಿಂಬೆ, ಕಿತ್ತಳೆಗಳ ಕುಲಕ್ಕೆ ಸೇರಿದ, ಆದರೆ ಅವುಗಳಿಗಿಂತ ಬಹು ದೊಡ್ಡದಾದ ಹಣ್ಣು ಇದು. ದಪ್ಪ ಸಿಪ್ಪೆಯ ಒಳಗೆ ನಸುಗೆಂಪು ತೊಳೆಗಳಿರುತ್ತವೆ. ಬೇರೆಡೆಯ ಚಕ್ಕೋತಗಳ ಕಹಿ ಇದರಲ್ಲಿ ಇಲ್ಲ. ಇದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಆದರೆ ಮಾನ್ಯತೆ ಹೆಸರನ್ನು ಕಾಯಬಲ್ಲುದೇ ಹೊರತು ಮರವನ್ನು ಕಾಯಲಾರದು. ತೋಟಗಳು ನಿವೇಶನಗಳಾದಂತೆ ಮರಗಳ ಸಂಖ್ಯೆ ಇಳಿದಿದೆ.

ತಾಲ್ಲೂಕಿನ ನಲ್ಲೂರಿನಲ್ಲಿರುವ ಪ್ರಾಚೀನ ಹುಣಸೆ ತೋಪು ಉಳಿದುಕೊಂಡಿದೆ. 54 ಎಕರೆ ವಿಸ್ತೀರ್ಣದ ಈ ತೋಪನ್ನು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ಭಾರತದಲ್ಲಿ ಆ ಮನ್ನಣೆ ಪಡೆದ ಮೊದಲ ತಾಣವಿದು.

ವಿಮಾನ ನಿಲ್ದಾಣ ಮತ್ತು ಭೂಮಿ

ಪಟ್ಟಣದ ದಕ್ಷಿಣಕ್ಕೆ ಸುಮಾರು 4,000 ಎಕರೆಯಲ್ಲಿ ನಿರ್ಮಿಸಿದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ 2008ರ ಮೇ 24ರಂದು ಕಾರ್ಯಾರಂಭ ಮಾಡಿತು. 2013ರಲ್ಲಿ ಅದಕ್ಕೆ ಕೆಂಪೇಗೌಡರ ಹೆಸರಿಡಲಾಯಿತು. ನಿಲ್ದಾಣದ ಬೆನ್ನಿಗೇ ಕೈಗಾರಿಕಾ ಪ್ರದೇಶಗಳೂ ಬಡಾವಣೆಗಳೂ ಬಂದವು. ಜಮೀನಿನ ಬೆಲೆ ಏರಿತು. ಕೆಲವರಿಗೆ ಅದು ಭಾಗ್ಯವಾಯಿತು. ಹಣ ಕರಗಿದ ಮೇಲೆ ನೆಲವೂ ಇಲ್ಲದವರಾದವರು ಇದ್ದಾರೆ.

ಚನ್ನರಾಯಪಟ್ಟಣ ಹೋಬಳಿಯ 13 ಗ್ರಾಮಗಳ 1,777 ಎಕರೆಯನ್ನು ಕೈಗಾರಿಕೆಗಾಗಿ ವಶಪಡಿಸಿಕೊಳ್ಳಲು ಸರ್ಕಾರ ಮುಂದಾದಾಗ ರೈತರು 2022ರ ಏಪ್ರಿಲ್‌ನಲ್ಲಿ ಧರಣಿ ಆರಂಭಿಸಿದರು. ಅದು ಮೂರು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಭೂಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿದರು. ಸ್ವಇಚ್ಛೆಯಿಂದ ಭೂಮಿ ಕೊಡಲು ಬಯಸುವವರಿಗೆ ಅವಕಾಶವನ್ನು ಮುಕ್ತವಾಗಿರಿಸಲಾಯಿತು.

ಜನಜೀವನ ಮತ್ತು ಸಂಚಾರ

ಕನ್ನಡದ ಜೊತೆಗೆ ತೆಲುಗು ಮತ್ತು ಉರ್ದು ಇಲ್ಲಿನ ಮನೆಮಾತುಗಳು. ಬೆಂಗಳೂರು, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ ಮತ್ತು ವಿಜಯಪುರಗಳಿಗೆ ಬಸ್ಸುಗಳಿವೆ. ಯಲಹಂಕ-ಚಿಕ್ಕಬಳ್ಳಾಪುರ ರೈಲು ಮಾರ್ಗ ಪಟ್ಟಣದ ಮೂಲಕ ಹಾದುಹೋಗುತ್ತದೆ. 2021ರಲ್ಲಿ ಇದೇ ಮಾರ್ಗದಲ್ಲಿ ವಿಮಾನ ನಿಲ್ದಾಣದ ಹೆಸರಿನ ತಂಗುದಾಣವೊಂದನ್ನು ತೆರೆಯಲಾಯಿತು.