ಸಂತೂರ್

ತುದಿ ಬಾಗಿದ ಹಗುರವಾದ ಮರದ ಕಡ್ಡಿಗಳಿಂದ ತಂತಿಗಳನ್ನು ಬಡಿದು ನುಡಿಸುವ ವಾದ್ಯ. ತ್ರಾಪಿಜ್ಯಾಕಾರದ ಮರದ ಪೆಟ್ಟಿಗೆ, ಅದರ ಮೇಲೆ ತಂತಿಗಳನ್ನು ಎತ್ತಿ ಹಿಡಿಯುವ ಸಾಲು ಕುದುರೆಗಳು, ಅವನ್ನು ಹಾಯ್ದು ಹೋಗುವ ಲೋಹದ ತಂತಿಗಳು. ಇರಾನಿನ ಸಂತೂರಿಗೆ ಸಾಮಾನ್ಯವಾಗಿ 18 ಕುದುರೆ, 72 ತಂತಿ. ಕಾಶ್ಮೀರದ್ದಕ್ಕೆ 25 ಕುದುರೆ, 100 ತಂತಿ.

ಕಾಶ್ಮೀರದಲ್ಲಿ ಇದು ಸೂಫಿಯಾನಾ ಸಂಗೀತದ ವಾದ್ಯ. ಹಿಂದುಸ್ತಾನಿ ವೇದಿಕೆಯಲ್ಲಿ ಇದಕ್ಕೆ ಸ್ಥಾನ ದೊರಕಿಸಿದವರು ಜಮ್ಮುವಿನ ಶಿವಕುಮಾರ ಶರ್ಮಾ (1938–2022). ಬಡಿದ ಸ್ವರ ಬೇಗ ಆರುತ್ತದೆ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಹೊರಡದು ಎಂದು ರಸಿಕರು ಆಕ್ಷೇಪಿಸಿದರು, ಆಕ್ಷೇಪದಲ್ಲಿ ಹುರುಳಿತ್ತು. ಶರ್ಮಾ ಕುದುರೆ, ತಂತಿಗಳ ಜೋಡಣೆ ಬದಲಿಸಿದರು, ವಾದ್ಯವನ್ನು ತೊಡೆಯ ಮೇಲಿರಿಸಿಕೊಂಡರು, ಕಡ್ಡಿಯನ್ನು ತಂತಿಯ ಮೇಲೆ ನವಿರಾಗಿ ಜಾರಿಸಿ ನಾದವನ್ನು ಎಳೆದರು. ಅವರ ಆಲಾಪ ಕೇಳಿದವರಿಗೆ ಆ ಕೊರತೆ ನೆನಪಾಗುವುದು ಅಪರೂಪ. ಕೊಳಲುವಾದಕ ಹರಿಪ್ರಸಾದ ಚೌರಾಸಿಯಾ, ಗಿಟಾರ್ ವಾದಕ ಬ್ರಿಜ್‌ಭೂಷಣ ಕಾಬ್ರಾ ಜೊತೆಗಿನ ‘ಕಾಲ್ ಆಫ್ ದಿ ವ್ಯಾಲಿ’ (1967) ಧ್ವನಿಮುದ್ರಿಕೆ ಈ ನಾದವನ್ನು ವಿದೇಶಗಳಿಗೂ ಮುಟ್ಟಿಸಿತು.

ಚೀನದ ಯಾಂಗ್‌ಚಿನ್ ಸಂತೂರಿನ ಬಳಗದ್ದೇ. ಅದೇ ಬಳಗದ ಹಂಗೆರಿಯ ಸಿಂಬಲೋಮ್‌ನ ತೊಡಕು ತದ್ವಿರುದ್ಧ: ಅದರ ನಾದ ಆರದೆ ಒಂದರೊಳಗೊಂದು ಕಲಸಿಹೋಗುತ್ತಿತ್ತು. 1870ರ ದಶಕದಲ್ಲಿ ಬುಡಾಪೆಸ್ಟ್‌ನ ವಾದ್ಯ ತಯಾರಕ ಯೋಜೆಫ್ ಶುಂಡಾ ಅದಕ್ಕೆ ಕಾಲುಗಳನ್ನೂ ನಾದ ತಡೆಯುವ ಪೆಡಲನ್ನೂ ಜೋಡಿಸಿದ. ಹಂಗೆರಿಯ ಸಂಗೀತ ಸಂಯೋಜಕ ಕೊದಾಯ್ ಅದನ್ನು ‘ಹಾರಿ ಯಾನೋಶ್’ ಕೃತಿಯ ವಾದ್ಯವೃಂದದಲ್ಲಿ ಬಳಸಿದ.