ಅಲ್ಬೇನಿಯದ ಮಾಹಿತಿ ಪರಿಸರದಲ್ಲಿ ಚೀನಾ: 1961–1978

ಪ್ರಬಲ ರಾಷ್ಟ್ರವೊಂದು ಸಣ್ಣ ರಾಷ್ಟ್ರದ ಪತ್ರಿಕೆ, ಬಾನುಲಿಗಳ ಮೇಲೆ ಬೀರುವ ಪ್ರಭಾವವನ್ನು ವಿವೇಚಿಸುವಾಗ, ಸಣ್ಣ ರಾಷ್ಟ್ರವು ಅದನ್ನು ಸುಮ್ಮನೆ ಸ್ವೀಕರಿಸುತ್ತದೆಂದು ಭಾವಿಸುವುದು ರೂಢಿ. ಬಾಲ್ಕನ್ ಪ್ರದೇಶದ ಪುಟ್ಟ ದೇಶವಾದ ಅಲ್ಬೇನಿಯದ ಇತಿಹಾಸವು ಈ ಗ್ರಹಿಕೆಯ ಮರುಪರಿಶೀಲನೆಗೆ ಎಡೆಮಾಡಿಕೊಡುತ್ತದೆ.

1961ರ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟವು ಅಲ್ಬೇನಿಯದೊಡನೆ ರಾಜತಾಂತ್ರಿಕ ಸಂಬಂಧವನ್ನು ಕಡಿದುಕೊಂಡಿತು. ಸೋವಿಯತ್ ನೆರವಿನ ಸ್ಥಾನವನ್ನು ಚೀನಾ ತುಂಬಿತು. ಧಾನ್ಯ, ಸಾಲ, ಯಂತ್ರೋಪಕರಣಗಳ ಜೊತೆಗೆ ಪ್ರಸಾರ ವ್ಯವಸ್ಥೆಗೂ ಈ ನೆರವು ದೊರೆಯಿತು. 1960ರ ದಶಕದ ಉತ್ತರಾರ್ಧದಲ್ಲಿ ಚೀನಾದ ಸಹಾಯದಿಂದ ಪ್ರಬಲ ಪ್ರಸಾರ ಕೇಂದ್ರಗಳು ಸ್ಥಾಪನೆಗೊಂಡವು. ಅವುಗಳ ಮೂಲಕ ರೇಡಿಯೊ ಟಿರಾನಾ ಹಲವು ವಿದೇಶಿ ಭಾಷೆಗಳಲ್ಲಿ ಪ್ರಸಾರ ನಡೆಸಿತು. ರೇಡಿಯೊ ಪೀಕಿಂಗ್‌ನ ಕಾರ್ಯಕ್ರಮಗಳೂ ಅಲ್ಲಿಂದ ಯುರೋಪಿಗೆ ಮರುಪ್ರಸಾರವಾದವು. ವಿನಿಮಯವು ಏಕಮುಖವಾಗಿರಲಿಲ್ಲ. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ವಿದೇಶಿ ಚಿತ್ರಗಳು ವಿರಳವಾಗಿದ್ದ ಚೀನಾದಲ್ಲಿ ಅಲ್ಬೇನಿಯದ ಚಲನಚಿತ್ರಗಳು ಅಪಾರ ಜನಪ್ರಿಯತೆ ಗಳಿಸಿದವು.

ಅಲ್ಬೇನಿಯವು 1966ರಲ್ಲಿ ಸೈನಿಕ ದರ್ಜೆಗಳನ್ನು ರದ್ದುಪಡಿಸಿ, 1967ರಲ್ಲಿ ಮಸೀದಿ, ಚರ್ಚುಗಳನ್ನು ಮುಚ್ಚಿಸಿತು. ಮೇಲ್ನೋಟಕ್ಕೆ ಇದು ಚೀನಾದ ಅನುಕರಣೆಯೆನಿಸುತ್ತದೆ. ಆದರೆ ಚೀನಾದಲ್ಲಿ ಯುವಜನರನ್ನು ಪಕ್ಷದ ನಾಯಕರ ವಿರುದ್ಧವೇ ಎತ್ತಿಕಟ್ಟಲಾಗಿದ್ದರೆ, ಅಲ್ಬೇನಿಯದಲ್ಲಿ ಆಂದೋಲನದ ಸೂತ್ರವು ಕೊನೆಯವರೆಗೂ ಪಕ್ಷದ ಕೈಯಲ್ಲೇ ಉಳಿಯಿತು.

ಅಧಿಕೃತ ಪತ್ರಿಕೆಗಳು ಚೀನಾವನ್ನು ಹೊಗಳುತ್ತಿದ್ದ ವರ್ಷಗಳಲ್ಲಿಯೇ ನಾಯಕ ಎನ್ವರ್ ಹೊಜಾ ಅದರ ಬಗ್ಗೆ ಸಂದೇಹಗಳನ್ನು ದಾಖಲಿಸುತ್ತಿದ್ದುದು 1979ರಲ್ಲಿ ಪ್ರಕಟವಾದ ಅವರ ದಿನಚರಿಯಿಂದ ತಿಳಿದುಬರುತ್ತದೆ. ಸಂಬಂಧ ಮುರಿದ ಮೇಲೆ ಹೊರಬಂದ ಈ ಗ್ರಂಥವನ್ನು ಎಚ್ಚರದಿಂದಲೇ ಬಳಸಬೇಕು. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಪೀಕಿಂಗ್‌ಗೆ ಭೇಟಿಯಿತ್ತದ್ದು ಬಿರುಕನ್ನು ಹೆಚ್ಚಿಸಿತು. 1977ರ ಜುಲೈ 7ರಂದು ಪಕ್ಷದ ಮುಖವಾಣಿ 'ಜೆರಿ ಇ ಪೊಪುಲಿತ್' ಚೀನಾದ ಹೆಸರೆತ್ತದೆ ಅದರ 'ಮೂರು ಜಗತ್ತುಗಳ ಸಿದ್ಧಾಂತ'ವನ್ನು ಖಂಡಿಸಿತು. ಸರಿಯಾಗಿ ಒಂದು ವರ್ಷದ ನಂತರ ಚೀನಾ ತನ್ನ ನೆರವನ್ನು ನಿಲ್ಲಿಸಿ, ತಜ್ಞರನ್ನು ಹಿಂದಕ್ಕೆ ಕರೆಸಿಕೊಂಡಿತು. ಚೀನಾದ ಸಹಾಯದಿಂದ ಬೆಳೆದ ಬಾನುಲಿಯೇ ಈಗ ಚೀನಾ ವಿರೋಧಿ ಪ್ರಚಾರದ ಸಾಧನವಾಯಿತು.

ಚೀನಾ ಒದಗಿಸಿದ್ದು ಉಪಕರಣಗಳನ್ನು. ಏನನ್ನು ಹೇಳಬೇಕು, ಏನನ್ನು ಮರೆಮಾಚಬೇಕೆಂಬ ನಿರ್ಧಾರವು ಟಿರಾನಾದ್ದಾಗಿತ್ತು. ಆದ್ದರಿಂದಲೇ ಹದಿನೇಳು ವರ್ಷಗಳ ಪ್ರಭಾವವು ಅಷ್ಟು ಬೇಗನೆ ಅಳಿಯಿತು. ಇದರ ಬೆಲೆ ತೆತ್ತವರು ಸಾಮಾನ್ಯ ಪ್ರಜೆಗಳು. ಹೊಗಳಿಕೆ, ತೆಗಳಿಕೆಗಳೆರಡೂ ಒಂದೇ ಬಾಯಿಂದ ಬಂದಾಗ, ಅಪಾಯವನ್ನು ಲೆಕ್ಕಿಸದೆ ವಿದೇಶಿ ಪ್ರಸಾರಗಳನ್ನು ಆಲಿಸಿದವರ ಹೊರತು ಉಳಿದವರಿಗೆ ಸತ್ಯಾಸತ್ಯಗಳನ್ನು ತೂಗಿನೋಡುವ ದಾರಿಯೇ ಇರಲಿಲ್ಲ. ಮಾಹಿತಿಯ ಮೇಲಿನ ಪರಕೀಯ ಪ್ರಭಾವವನ್ನು ಅಳೆಯುವಾಗ ದಾನಿ ರಾಷ್ಟ್ರದಷ್ಟೇ, ಬಾಗಿಲು ಕಾಯುವ ಸ್ವದೇಶೀ ಪ್ರಭುತ್ವವನ್ನೂ ಪರಿಗಣಿಸಬೇಕೆಂಬುದನ್ನು ಅಲ್ಬೇನಿಯದ ನಿದರ್ಶನವು ಸ್ಪಷ್ಟಪಡಿಸುತ್ತದೆ.